ಕೂರಿಗೆ ಕೆತ್ತಿದ ನೆಲಕ್ಕೆ ಚೀನಾದ ಪಂಪು ಯಾಕೆ ಬೇಕಾಯಿತು?

2025ರ ಮುಂಗಾರಿನಲ್ಲಿ ನಮ್ಮ ಕಡೆಯ ರೈತರು ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಪಾಳಿ ಹಚ್ಚಿ ನಿಂತಿದ್ದರು. ಕೊರತೆಗೆ ಕಾರಣಗಳು ಹಲವು. ಚೀನಾ ತನ್ನ ಗೊಬ್ಬರದ ರಫ್ತನ್ನು ಬಿಗಿ ಮಾಡಿದ್ದೂ ಅದರಲ್ಲಿ ಒಂದು. ಅದೇ ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದರು. ತಿಂಗಳ ಕೊನೆಗೆ ಪ್ರಧಾನಿ ಮೋದಿ ಏಳು ವರ್ಷಗಳ ನಂತರ ಚೀನಾದ ನೆಲದ ಮೇಲೆ ಕಾಲಿಟ್ಟರು. 2020ರಲ್ಲಿ ಗಲ್ವಾನ್ ಘರ್ಷಣೆ ಆದಾಗ ಚೀನಾ ಟಿವಿಯನ್ನು ಮಾಳಿಗೆಯಿಂದ ಕೆಳಗೆ ಒಗೆದು ವಿಡಿಯೊ ಮಾಡಿದವರ ಸದ್ದು ಈ ಸಲ ಅಷ್ಟಾಗಿ ಕೇಳಲಿಲ್ಲ. ಆ ಐದು ವರ್ಷದಲ್ಲಿ ಆದದ್ದೇನು ಅಂದರೆ, 2024-25ರ ಹೊತ್ತಿಗೆ ಚೀನಾದ ಜೊತೆಗಿನ ನಮ್ಮ ವ್ಯಾಪಾರ ಕೊರತೆ 9,900 ಕೋಟಿ ಡಾಲರ್ ದಾಟಿತು.

ಈ ಲೆಕ್ಕವನ್ನು ದೆಹಲಿಯಲ್ಲಿ ಕುಂತು ನೋಡಿದರೆ ಮೊಬೈಲು, ಸೋಲಾರ್ ಫಲಕ, ಔಷಧದ ಕಚ್ಚಾವಸ್ತು ಕಾಣುತ್ತವೆ. ರೋಣ, ನರಗುಂದ, ಗಜೇಂದ್ರಗಡದ ಬಜಾರಿನಲ್ಲಿ ನಿಂತು ನೋಡಿದರೆ ಬೇರೆಯೇ ಸಾಮಾನು ಕಾಣುತ್ತವೆ. ಬೆನ್ನಿಗೆ ಕಟ್ಟಿಕೊಂಡು ಎಣ್ಣೆ ಹೊಡೆಯುವ ಬ್ಯಾಟರಿ ಪಂಪು, ರಾತ್ರಿ ನೀರು ಹಾಯಿಸಲು ಹಣೆಗೆ ಕಟ್ಟುವ ಬ್ಯಾಟರಿ ದೀಪ, ಕಳೆ ಕತ್ತರಿಸುವ ಪೆಟ್ರೋಲ್ ಯಂತ್ರ, ಗೊಂಜಾಳ ಬಿಡಿಸುವ ಸಣ್ಣ ಮಷಿನ್ನು, ನಾಲ್ಕು ದಿನ ಚಾರ್ಜ್ ನಿಲ್ಲುವ ಗುಂಡಿ ಫೋನು. ಇವುಗಳಲ್ಲಿ ಕೆಲವು ಚೀನಾದಲ್ಲೇ ತಯಾರಾಗಿ ಬಂದವು, ಕೆಲವು ಅಲ್ಲಿಂದ ಬಿಡಿಭಾಗ ತಂದು ಇಲ್ಲಿ ಜೋಡಿಸಿದವು. ಡಬ್ಬಿ ಮೇಲಿನ ಹೆಸರು ಮಾತ್ರ ಭಾರತದ್ದು.

ಇವನ್ನು ಕೊಂಡ ರೈತನನ್ನು ಬೈಯುವವರ ಜೊತೆ ನನಗೆ ಜಗಳವಿದೆ. ಅವನಿಗೆ ದೇಶಪ್ರೇಮ ಕಡಿಮೆಯಾಗಿಲ್ಲ. ಅವನ ಕೆಲಸಕ್ಕೆ ಹೊಂದುವ, ಅವನ ಕಿಸೆಗೆ ಹೊಂದುವ ಸಾಮಾನನ್ನು ಯಾರೋ ದೂರದಲ್ಲಿ ಕುಂತು ಯೋಚಿಸಿ ಮಾಡಿದ್ದಾರೆ, ಅವನು ಕೊಂಡಿದ್ದಾನೆ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಆ ಯೋಚನೆ ಅಲ್ಲಿ ಹೇಗೆ ಬೆಳೆಯಿತು? ಇಲ್ಲಿ ಇದ್ದದ್ದು ಯಾಕೆ ಕುಂಟಿತು?

ಅಗ್ಗ ಅನ್ನುವುದು ಅರ್ಧ ಉತ್ತರ

ಚೀನಾ ಸಾಮಾನು ಅಂದರೆ ಅಗ್ಗ, ನಕಲು, ಬಾಳಿಕೆ ಇಲ್ಲ. ಇದು ನಮ್ಮಲ್ಲಿ ಗಟ್ಟಿಯಾಗಿ ಕುಂತ ಮಾತು. ಇದರಲ್ಲಿ ಸುಳ್ಳಿಲ್ಲ. ಆದರೆ ಇದು ಮುಗಿದ ಕಥೆಯೂ ಅಲ್ಲ.

ವಸ್ತುವೊಂದು ಹೇಗಿರಬೇಕು, ಯಾರ ಕೈಗೆ ಹೇಗೆ ಕೂರಬೇಕು, ಎಷ್ಟು ಖರ್ಚಿನಲ್ಲಿ ಸಾವಿರಗಟ್ಟಲೆ ತಯಾರಾಗಬೇಕು ಎಂದು ಮೊದಲೇ ಯೋಚಿಸುವುದಕ್ಕೆ ಕೈಗಾರಿಕಾ ವಿನ್ಯಾಸ ಅನ್ನುತ್ತಾರೆ. ಚೀನಾದಲ್ಲಿ ಈ ವಿದ್ಯೆಗೆ ದೊಡ್ಡ ಪರಂಪರೆಯೇನೂ ಇರಲಿಲ್ಲ. 1956ರಲ್ಲಿ ಬೀಜಿಂಗ್‌ನಲ್ಲಿ ಕೇಂದ್ರೀಯ ಕಲಾ ಮತ್ತು ಕರಕುಶಲ ಅಕಾಡೆಮಿ ಶುರುವಾಯಿತು. ಅಲ್ಲಿ ಮುಖ್ಯವಾಗಿ ಕಲಿಸುತ್ತಿದ್ದದ್ದು ಪಿಂಗಾಣಿ, ಬಟ್ಟೆ, ಅಲಂಕಾರದ ಕಲೆ. ಮಾವೋ ಕಾಲದಲ್ಲಿ ಕಾರ್ಖಾನೆಗೆ ಇದ್ದ ಚಿಂತೆ ಎಷ್ಟು ಟನ್ ಆಯಿತು ಅನ್ನುವುದು. ಕೊಂಡವನ ಕೈಗೆ ಅದು ಹೇಗೆ ಬರುತ್ತದೆ ಎಂದು ಕೇಳುವವರು ಕಡಿಮೆ. 1978ರ ಆರ್ಥಿಕ ಸುಧಾರಣೆ ಆದ ಮೇಲೆ ಕೆಲವು ಮೇಷ್ಟ್ರುಗಳನ್ನು ಹೊರದೇಶಕ್ಕೆ ಕಳಿಸಿದರು. ಅವರಲ್ಲೊಬ್ಬರಾದ ಲಿಯು ಗುವಾನ್‌ಝೋಂಗ್ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಲಿತು ಬಂದು 1984ರಲ್ಲಿ ಅದೇ ಅಕಾಡೆಮಿಯಲ್ಲಿ ಕೈಗಾರಿಕಾ ವಿನ್ಯಾಸದ ವಿಭಾಗ ಕಟ್ಟಿದರು. ಮುಂದೆ 1999ರಲ್ಲಿ ಆ ಅಕಾಡೆಮಿ ಸಿಂಗ್ವಾ ವಿಶ್ವವಿದ್ಯಾಲಯದೊಳಗೆ ಸೇರಿತು.

ಇತ್ತ ನಮ್ಮಲ್ಲಿ? ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ಕರೆಸಿ, ದೇಶ ಸುತ್ತಿಸಿ, 1958ರಲ್ಲೇ ಭಾರತ ವರದಿ ಬರೆಸಿಕೊಂಡಿತ್ತು. ಆ ವರದಿಯಲ್ಲಿ ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿ ಬರೆದದ್ದು ನಮ್ಮ ನಿಮ್ಮ ಮನೆಯ ತಂಬಿಗೆಯನ್ನು. ತಲೆಮಾರುಗಟ್ಟಲೆ ಜನ ಬಳಸಿ, ತಿದ್ದಿ, ಉರುಟು ಮಾಡಿದ ಆಕಾರ ಅದು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಅಂದರೆ ಲಿಯು ತಮ್ಮ ವಿಭಾಗ ಕಟ್ಟುವ ಹೊತ್ತಿಗೆ ನಮ್ಮ ಸಂಸ್ಥೆಗೆ ಇಪ್ಪತ್ಮೂರು ವರ್ಷ. ಓಟದಲ್ಲಿ ನಾವೇ ಮುಂದಿದ್ದೆವು.

1980: ನರಗುಂದ ಮತ್ತು ಶೆನ್‌ಝೆನ್

ಒಂದು ಇಸವಿಯನ್ನು ನಮ್ಮ ಭಾಗದ ಓದುಗರು ಮರೆಯುವುದಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತ ಬಂಡಾಯ ಭುಗಿಲೆದ್ದಿತು. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ನೆಟ್ಟಗೆ ಮುಟ್ಟದಿದ್ದರೂ ಅಭಿವೃದ್ಧಿ ಕರ, ನೀರಿನ ಕರ ಕಟ್ಟು ಎಂದು ಸರ್ಕಾರ ರೈತರ ಬೆನ್ನು ಹತ್ತಿತ್ತು. ಗೋಲಿಬಾರು ಆಯಿತು, ಜೀವ ಹೋದವು. ಆ ಕಿಚ್ಚಿನಿಂದ ರಾಜ್ಯದ ರೈತ ಚಳವಳಿ ಹೊಸ ಹುಟ್ಟು ಪಡೆಯಿತು.

ಅದಾದ ಒಂದು ತಿಂಗಳು ಐದು ದಿನಕ್ಕೆ, ಆಗಸ್ಟ್ 26ರಂದು, ಹಾಂಗ್‌ಕಾಂಗ್ ಗಡಿಗೆ ಅಂಟಿಕೊಂಡ ಶೆನ್‌ಝೆನ್‌ನಲ್ಲಿ ಚೀನಾ ತನ್ನ ವಿಶೇಷ ಆರ್ಥಿಕ ವಲಯವನ್ನು ಅಧಿಕೃತವಾಗಿ ಸ್ಥಾಪಿಸಿತು. ಮೊದಮೊದಲು ಅಲ್ಲಿ ನಡೆದದ್ದು ಪರರ ನಕ್ಷೆಗೆ ತಕ್ಕಂತೆ ಆಟಿಕೆ, ಗಡಿಯಾರ, ರೇಡಿಯೊ ಜೋಡಿಸುವ ಕೂಲಿ ಕೆಲಸ. ಆದರೆ ಜೋಡಿಸುವ ಕೈ ಬಿಚ್ಚುವುದನ್ನೂ ಕಲಿಯುತ್ತದೆ. ಬಿಚ್ಚಿದವನಿಗೆ ಒಳಗಿನ ಗುಟ್ಟು ತಿಳಿಯುತ್ತದೆ. 2000ದ ನಂತರ ತೈವಾನಿನ ಮೀಡಿಯಾಟೆಕ್ ಕಂಪನಿ ಫೋನಿನ ಮುಖ್ಯ ಚಿಪ್ಪನ್ನು ಎಲ್ಲ ಸಿದ್ಧ ಮಾಡಿಕೊಟ್ಟ ಮೇಲೆ ಶೆನ್‌ಝೆನ್‌ನ ಸಣ್ಣಪುಟ್ಟ ಅಂಗಡಿಯವರೂ ಫೋನು ಮಾಡತೊಡಗಿದರು. ಇಂಥ ಸಾಮಾನಿಗೆ ಅಲ್ಲಿನ ಜನ ಇಟ್ಟ ಹೆಸರು 'ಷಾನ್‌ಝಾಯ್'. ಹಾಗೆಂದರೆ ಗುಡ್ಡದ ಮೇಲಿನ ಕೋಟೆ, ದೊರೆಗೆ ಬಗ್ಗದ ಬಂಡುಕೋರರ ಠಾಣೆ. 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದ ಬಾಬಾಸಾಹೇಬನ ನರಗುಂದದ ಜನಕ್ಕೆ ಈ ಶಬ್ದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಷಾನ್‌ಝಾಯ್ ಫೋನುಗಳು ಮೊದಲು ಬರೀ ನಕಲು. ಆಮೇಲೆ ನಕಲಿಗೆ ಜನರ ಅಗತ್ಯ ಸೇರುತ್ತಾ ಹೋಯಿತು. ಎರಡು ಸಿಮ್, ದೊಡ್ಡ ದನಿ, ಮಂದ ಬ್ಯಾಟರಿ, ತಲೆಗೆ ಟಾರ್ಚು. ದೊಡ್ಡ ಕಂಪನಿಗಳು ಕೀಳೆಂದು ಬಿಟ್ಟಿದ್ದನ್ನೆಲ್ಲ ಇವರು ಹಾಕಿಕೊಟ್ಟರು. 2006ರಲ್ಲಿ ಹುಟ್ಟಿದ, ಶೆನ್‌ಝೆನ್‌ನದೇ ಆದ ಟ್ರಾನ್ಸಿಯನ್ ಕಂಪನಿ ಈ ಪಾಠವನ್ನು ಆಫ್ರಿಕಾಕ್ಕೆ ಒಯ್ದಿತು. ಕಪ್ಪು ಮೈಬಣ್ಣದವರ ಮುಖ ಚೆನ್ನಾಗಿ ಬರುವಂತೆ ಕ್ಯಾಮೆರಾ ತಿದ್ದಿತು, ಕರೆಂಟು ಇಲ್ಲದ ಊರಿಗೆ ತಕ್ಕ ಬ್ಯಾಟರಿ ಹಾಕಿತು. ಅದರ 'ಐಟೆಲ್' ಫೋನು ಇವತ್ತು ನಮ್ಮ ಹಳ್ಳಿಗಳಲ್ಲೂ ಮುದುಕರ ಕಿಸೆಯಲ್ಲಿದೆ.

ಗೆಣಸು ತೊಳೆದ ವಾಷಿಂಗ್ ಮಷಿನ್

ಚೀನಾದ ವಿನ್ಯಾಸ ಎಲ್ಲಿ ತಿರುವು ಪಡೆಯಿತು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಹಾಯರ್ ಕಂಪನಿಯ ಕಥೆ. ಇದನ್ನು ರೈತಾಪಿ ಜನ ಕೇಳಲೇಬೇಕು.

ಚಿಂಗ್‌ಡಾವ್ ಪಟ್ಟಣದ ನಷ್ಟದಲ್ಲಿದ್ದ ಫ್ರಿಜ್ ಕಾರ್ಖಾನೆಗೆ 1984ರಲ್ಲಿ ಝಾಂಗ್ ರುಯಿಮಿನ್ ಮುಖ್ಯಸ್ಥರಾದರು. ಮರುವರ್ಷ ದೋಷವಿದ್ದ 76 ಫ್ರಿಜ್‌ಗಳನ್ನು ಕಾರ್ಮಿಕರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದರು. ಗುಣಮಟ್ಟದ ಪಾಠವಾಗಿ ಈ ಘಟನೆ ಪ್ರಸಿದ್ಧ. ನನಗೆ ಹೆಚ್ಚು ಮುಖ್ಯ ಅನಿಸುವುದು 1990ರ ದಶಕದ ಇನ್ನೊಂದು ಘಟನೆ. ಸಿಚುವಾನ್ ಪ್ರಾಂತದ ರೈತನೊಬ್ಬ ನಮ್ಮ ವಾಷಿಂಗ್ ಮಷಿನ್ನಿನ ಪೈಪು ಕಟ್ಟಿಕೊಳ್ಳುತ್ತದೆ ಎಂದು ದೂರು ಕೊಟ್ಟ. ಮೆಕ್ಯಾನಿಕ್ ಹೋಗಿ ನೋಡಿದರೆ, ಆತ ಅದರಲ್ಲಿ ಬಟ್ಟೆಯ ಜೊತೆ ಹೊಲದ ಗೆಣಸನ್ನೂ ತೊಳೆಯುತ್ತಿದ್ದ. ಮಣ್ಣು ಹೋಗಿ ಪೈಪಿನಲ್ಲಿ ಕೂತಿತ್ತು.

ಬೇರೆ ಕಂಪನಿಯಾಗಿದ್ದರೆ, 'ಇದು ಬಟ್ಟೆಗೆ ಮಾತ್ರ, ವಾರಂಟಿ ಹೋಯಿತು' ಎಂದು ಕೈ ತೊಳೆದುಕೊಳ್ಳುತ್ತಿತ್ತು. ಹಾಯರ್ ಅಗಲ ಪೈಪಿನ, ಗೆಣಸು ತೊಳೆಯುವ ಮಷಿನ್ನನ್ನೇ ಮಾಡಿ ಮಾರಿತು. ರೈತ ತಪ್ಪು ಮಾಡಿದ್ದಾನೆ ಅನ್ನುವಲ್ಲಿಂದ ನಮ್ಮ ಮಷಿನ್ನು ಅವನಿಗೆ ಸಾಲುತ್ತಿಲ್ಲ ಅನ್ನುವಲ್ಲಿಗೆ ಯೋಚನೆ ಬಂದು ನಿಂತಿತು. ವಿನ್ಯಾಸ ಅಂದರೆ ಇಷ್ಟೇ, ಅದರ ಮೇಲೆ ಉಳಿದದ್ದು ಬಣ್ಣ.

ಆಮೇಲೆ ಸರ್ಕಾರ ಬೆನ್ನಿಗೆ ನಿಂತಿತು. 2007ರ ಫೆಬ್ರವರಿಯಲ್ಲಿ ಅಂದಿನ ಪ್ರಧಾನಿ ವೆನ್ ಜಿಯಾಬಾವೊ ಕೈಗಾರಿಕಾ ವಿನ್ಯಾಸಕ್ಕೆ ಹೆಚ್ಚಿನ ಮಹತ್ವ ಕೊಡಬೇಕೆಂದು ಸೂಚನೆ ಕೊಟ್ಟರು. 2008ರಲ್ಲಿ ಶೆನ್‌ಝೆನ್ ಯುನೆಸ್ಕೊದ ವಿನ್ಯಾಸ ನಗರಗಳ ಪಟ್ಟಿಗೆ ಸೇರಿತು. 2010ರಲ್ಲಿ ಕೈಗಾರಿಕಾ ಸಚಿವಾಲಯ ಸೇರಿ ಹನ್ನೊಂದು ಇಲಾಖೆಗಳು ಒಟ್ಟಾಗಿ ವಿನ್ಯಾಸ ಬೆಳೆಸುವ ಮಾರ್ಗಸೂಚಿ ಹೊರಡಿಸಿದವು. 2022ರಲ್ಲಿ ಚೀನಾದ ಕಚೇರಿಗೆ ನೋಂದಣಿಗೆ ಬಂದ ಹೊಸ ವಿನ್ಯಾಸಗಳು ಸುಮಾರು 8 ಲಕ್ಷ, ಇಡೀ ಜಗತ್ತಿನ ಅರ್ಧಕ್ಕಿಂತ ಹೆಚ್ಚು. ನಮ್ಮಲ್ಲಿ ಅದೇ ಹೊತ್ತಿಗೆ ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ಅವರ ಎಂಟು ಲಕ್ಷದಲ್ಲಿ ಜೊಳ್ಳು ಬಹಳ ಇದೆ ಅನ್ನುವುದನ್ನು ಒಪ್ಪೋಣ. ಅರ್ಧ ತೂರಿದರೂ ರಾಶಿ ದೊಡ್ಡದೇ.

ಭಾರತವೂ ಅದೇ 2007ರ ಫೆಬ್ರವರಿಯಲ್ಲಿ ತನ್ನ ರಾಷ್ಟ್ರೀಯ ವಿನ್ಯಾಸ ನೀತಿಗೆ ಒಪ್ಪಿಗೆ ಕೊಟ್ಟಿತ್ತು. ತಿಂಗಳು ಒಂದೇ. ಕಾಗದವೂ ಚೆನ್ನಾಗಿತ್ತು.

ನಮ್ಮಲ್ಲಿ ಏನಿತ್ತು?

ಬಹಳ ಇತ್ತು. ಎರಿ ಹೊಲದ ಕೂರಿಗೆಯನ್ನೇ ನೋಡಿ. ಬಡಿಗೇರ ಮರ ಕೆತ್ತುತ್ತಿದ್ದ, ಕಮ್ಮಾರ ಕಬ್ಬಿಣ ಹದ ಮಾಡುತ್ತಿದ್ದ. ಹಿಂಗಾರಿ ಜೋಳಕ್ಕೆ ಸಾಲಿನ ಅಂತರ ಒಂದು, ಕಡಲೆಗೆ ಇನ್ನೊಂದು. ಎರಿಗೆ ತಾಳು ಎಷ್ಟು ಆಳ ಇಳಿಯಬೇಕು, ಮಸಾರಿಗೆ ಎಷ್ಟು, ಎತ್ತಿನ ಎತ್ತರ ಏನು, ಎಲ್ಲ ಲೆಕ್ಕ ಅವರ ಕೈಯಲ್ಲಿತ್ತು. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುವ ಹೆಣ್ಣುಮಗಳ ಬೆರಳೇ ಬೀಜದ ಅಳತೆಯ ಯಂತ್ರ. ಬಟ್ಟಲಿಗೆ ಆಕೆ ಬಿಡುವ ಕಾಳು ಹೆಚ್ಚು ಕಡಿಮೆ ಆದರೆ ಇಡೀ ಹೊಲ ಹೇಳುತ್ತಿತ್ತು. ಕೂರಿಗೆ ಸರಿಯಾಗಲಿಲ್ಲ ಅಂದರೆ ಮರುದಿನ ಮುಂಜಾನೆ ರೈತ ಬಡಿಗೇರನ ಬಾಗಿಲಿಗೆ. 'ಏನ್ ಮಾಡಿಕೊಟ್ಟೀಯೋ ಮಾರಾಯ, ಬಲಗಡೆ ತಾಳು ಮ್ಯಾಲ್ ಹರೀತೈತಿ.' ಹಾಯರ್ ಕಂಪನಿಗೆ ಸಿಚುವಾನಿನಿಂದ ದೂರು ಬಂದು ಗೊತ್ತಾದದ್ದು ಇಲ್ಲಿ ಓಣಿಯಲ್ಲೇ ಗೊತ್ತಾಗುತ್ತಿತ್ತು.

ಇದನ್ನು ಹಾಡಿ ಹೊಗಳುವ ಮುಂಚೆ ಒಂದು ಮಾತು. ಆ ವ್ಯವಸ್ಥೆ ಜಾತಿಗೆ ಗೂಟ ಹೊಡೆದು ಕಟ್ಟಿದ್ದು. ಕಮ್ಮಾರನ ಮಗ ಕಮ್ಮಾರನೇ, ವರ್ಷದ ದುಡಿತಕ್ಕೆ ಕಣದಲ್ಲಿ ಸಿಗುವ ಆಯದ ಕಾಳೇ ಸಂಬಳ, ಅದೂ ಒಡೆಯನ ಮರ್ಜಿ. ಅದು ಹೋಗಿದ್ದಕ್ಕೆ ನಾನು ಅಳುವುದಿಲ್ಲ. ಆದರೆ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಾಗ, ಆಯ ಹೋಗಿ ರೊಕ್ಕ ಬಂದಾಗ, ಆ ಕೈಗಳಲ್ಲಿದ್ದ ತಿಳಿವಳಿಕೆಯನ್ನು ಹೊಸ ಕಾಲಕ್ಕೆ ದಾಟಿಸುವ ಸೇತುವೆಯನ್ನು ಯಾರೂ ಕಟ್ಟಲಿಲ್ಲ. ಬಹಳಷ್ಟು ಕಮ್ಮಾರರು ಟ್ರೇಲರ್ ವೆಲ್ಡಿಂಗಿಗೆ, ಕಿಟಕಿ ಗ್ರಿಲ್ಲಿಗೆ ಇಳಿದರು.

ಸೇತುವೆ ಇಲ್ಲದೆಯೂ ಹೊಳೆ ದಾಟಿದ ಒಬ್ಬರು ನಮ್ಮ ಪಕ್ಕದಲ್ಲೇ ಇದ್ದಾರೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ. ಹುಡುಗನಾಗಿದ್ದಾಗ ಮುಂಜಾನೆ ಏಳಲು ಆಗುವುದಿಲ್ಲ ಎಂದು, ಹೊತ್ತಿಗೆ ಸರಿಯಾಗಿ ಮುಖದ ಮೇಲೆ ನೀರು ಸುರಿಯುವ ಅಲಾರಂ ಮಾಡಿಕೊಂಡವರು. ಮುಂದೆ ಹುಣಸೆಹಣ್ಣಿನ ಬೀಜ ತೆಗೆಯುವ ಯಂತ್ರ, ಕುಂಟೆಯ ಅಲಗು ಮಾಡುವ ಯಂತ್ರ, ಬೀಜ ಗೊಬ್ಬರ ಕೂಡಿ ಬಿತ್ತುವ ಕೂರಿಗೆ ಮಾಡಿದರು. 'ನಡಕಟ್ಟಿನ ಕೂರಿಗೆ' ಅಂದರೆ ನಮ್ಮ ಕಡೆ ಗೊತ್ತಿಲ್ಲದವರು ಕಡಿಮೆ. 2015ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ ಬಂತು.

ಗಜೇಂದ್ರಗಡದ ಮಗ್ಗವೂ ಅಂಥದೇ. ಅಲ್ಲಿನ ಪಟ್ಟೆದ ಅಂಚಿನ ಸೀರೆಗೆ ಚೌಕಳಿ ಮೈ, ಎದ್ದು ಕಾಣುವ ಅಂಚು, ದಪ್ಪ ನೂಲು. ಒಳಗು ಹೊರಗು ಎಂಬ ಭೇದವಿಲ್ಲ, ಎರಡೂ ಮಗ್ಗುಲು ಉಡಬಹುದು. ಹೊಲಕ್ಕೆ ಹೋಗುವ, ಎರಡೇ ಸೀರೆ ಇರುವ ಹೆಂಗಸಿಗೆ ಇದಕ್ಕಿಂತ ಜಾಣ ವಿನ್ಯಾಸ ಯಾವುದು? ಮರೆಯಾಗುತ್ತಿದ್ದ ಈ ಸೀರೆಯನ್ನು ವಸ್ತ್ರವಿನ್ಯಾಸಕಿ ಹೇಮಲತಾ ಜೈನ್ ತಮ್ಮ 'ಪುನರ್ಜೀವನ' ಸಂಸ್ಥೆಯ ಮೂಲಕ ಮತ್ತೆ ಮಗ್ಗಕ್ಕೆ ಏರಿಸಿದ್ದಾರೆ. ಇವತ್ತು ಅದನ್ನು ಉಡುವವರು ಬಹುತೇಕ ಪಟ್ಟಣದ ಓದಿದ ಹೆಂಗಸರು. ಒಳ್ಳೆಯದೇ. ಆದರೆ ಅದು ಯಾರಿಗಾಗಿ ಹುಟ್ಟಿತ್ತೋ ಆ ಹೆಣ್ಣುಮಗಳು ಯಂತ್ರಮಗ್ಗದ ಪಾಲಿಯೆಸ್ಟರ್ ಸೀರೆ ಉಟ್ಟು ಉಳ್ಳಾಗಡ್ಡಿ ಕೀಳುತ್ತಿದ್ದಾಳೆ.

ಕೊಂಡಿ ಕಳಚಿದ್ದು ಎಲ್ಲಿ?

ಅಂದಮೇಲೆ ತಲೆಗೆ ಬರ ಇರಲಿಲ್ಲ. ನೋಡುವ ಕಣ್ಣಿಗೂ ಬರ ಇರಲಿಲ್ಲ. ನಡುವೆ ಇರಬೇಕಾದ್ದು ಇರಲಿಲ್ಲ.

ಶೆನ್‌ಝೆನ್‌ನ ಹುವಾಚಿಯಾಂಗ್‌ಬೆಯ್ ಬಜಾರಿನಲ್ಲಿ ಒಬ್ಬನಿಗೆ ಹೊಸ ಯೋಚನೆ ಬಂದರೆ ಮೋಟಾರು, ಬ್ಯಾಟರಿ, ಸ್ವಿಚ್ಚು, ಪ್ಲಾಸ್ಟಿಕ್ ಅಚ್ಚು ಮಾಡುವವನು ಎಲ್ಲರೂ ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಸಣ್ಣ ಕಂಪನಿಗಳು ಒಂದೇ ಬಗೆಯ ಸರ್ಕಿಟ್ ಹಲಗೆಯನ್ನು ಹಂಚಿಕೊಂಡು ಮೇಲಿನ ಚಿಪ್ಪು ಮಾತ್ರ ಬೇರೆ ಮಾಡಿಕೊಳ್ಳುತ್ತವೆ. ಮಾದರಿ ಬೇಗ ತಯಾರಾಗುತ್ತದೆ, ಕೆಟ್ಟರೆ ಬೇಗ ತಿದ್ದಿಕೊಳ್ಳಬಹುದು.

ರೋಣದ ವೆಲ್ಡಿಂಗ್ ಅಂಗಡಿಯವನಿಗೆ ಅದೇ ಯೋಚನೆ ಬಂದರೆ? ಕಬ್ಬಿಣ ಇಲ್ಲೇ ಬಾಗಿಸಬಹುದು. ಗೇರು, ಬೇರಿಂಗು ಹುಬ್ಬಳ್ಳಿಯಿಂದ. ಪ್ಲಾಸ್ಟಿಕ್ ಅಚ್ಚಿನ ಖರ್ಚು ಅವನ ಅಂಗಡಿಯ ಬೆಲೆಗಿಂತ ಹೆಚ್ಚು. ಬ್ಯಾಂಕು ಮನೆ ಪತ್ರ ಕೇಳುತ್ತದೆ. ಇಷ್ಟೆಲ್ಲ ದಾಟಿ ಯಂತ್ರ ಮಾಡಿದ ಅನ್ನಿ, ಆಗ ಸಹಾಯಧನದ ಗೋಡೆ ಎದುರಾಗುತ್ತದೆ.

ಕೃಷಿ ಯಂತ್ರೋಪಕರಣಕ್ಕೆ ರಾಜ್ಯ ಸರ್ಕಾರ ಸಾಮಾನ್ಯ ರೈತರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಕೊಡುತ್ತದೆ. ಉದ್ದೇಶ ದೊಡ್ಡದು, ಬೇಡ ಅನ್ನುವಂತಿಲ್ಲ. ಆದರೆ ಆ ಸಹಾಯಧನ ಸಿಗಬೇಕಾದರೆ ಯಂತ್ರಕ್ಕೆ ಮಾನ್ಯತೆ ಪಡೆದ ಕೇಂದ್ರದ ಪರೀಕ್ಷಾ ವರದಿ ಬೇಕು, ಕಂಪನಿಯ ಹೆಸರು ಇಲಾಖೆಯ ಪಟ್ಟಿಯಲ್ಲಿರಬೇಕು. ಹೊರಗಿನಿಂದ ಬಿಡಿಭಾಗ ತಂದು ಸ್ಟಿಕ್ಕರ್ ಅಂಟಿಸುವ ಕಂಪನಿಗೆ ಈ ಕಾಗದ ಓಡಿಸಲು ಆಳುಗಳಿದ್ದಾರೆ. ಊರ ಕಮ್ಮಾರನಿಗೆ ಇಲ್ಲ. ಹೀಗಾಗಿ ನಮ್ಮದೇ ತೆರಿಗೆಯ ದುಡ್ಡು ಹೊರಗಿನ ವಿನ್ಯಾಸಕ್ಕೆ ಅರ್ಧ ಬೆಲೆ ಕಟ್ಟುತ್ತದೆ, ಪಕ್ಕದ ಓಣಿಯ ವಿನ್ಯಾಸಕ್ಕೆ ಪೂರಾ ಬೆಲೆ ಕಟ್ಟು ಎಂದು ರೈತನಿಗೆ ಹೇಳುತ್ತದೆ. ರೈತ ಯಾವುದನ್ನು ಕೊಳ್ಳಬೇಕು?

ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳ ಕಥೆಯನ್ನೂ ಇಲ್ಲೇ ನೋಡಬೇಕು. 2014-15ರಿಂದ ನಡೆಯುತ್ತಿರುವ ಈ ಕೇಂದ್ರಗಳು ಯಂತ್ರ ಬಾಡಿಗೆಗೆ ಕೊಡುತ್ತವೆ. ಯಾವ ಯಂತ್ರ ಯಾವ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಯಾವ ತುಂಡು ಮೊದಲು ಮುರಿಯುತ್ತದೆ ಅನ್ನುವುದು ಇಲ್ಲಿನ ಹುಡುಗರಿಗೆ ಬಾಯಿಪಾಠ. ಚೀನಾದ ಕಂಪನಿಗೆ ಇಂಥ ಮಾಹಿತಿ ಸಿಕ್ಕಿದರೆ ಬಂಗಾರ. ನಮ್ಮಲ್ಲಿ ಅದನ್ನು ಬರೆದಿಟ್ಟು ಯಂತ್ರ ಮಾಡುವವರಿಗೆ ಮುಟ್ಟಿಸುವುದು ಯಾರ ಕೆಲಸವೂ ಅಲ್ಲ.

ಇಪ್ಪತ್ತು ಕಿಲೊ ಹೊತ್ತ ಬೆನ್ನು

ನಮ್ಮ ಕಾಕಾನ ಬ್ಯಾಟರಿ ಪಂಪು ಎರಡನೇ ಹಂಗಾಮಿಗೇ ನಿಂತುಹೋಯಿತು. ರಿಪೇರಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಅಂಗಡಿಯವ ಬಿಚ್ಚಿ ನೋಡಿ ಅಂದ: 'ಇದರ ಮೋಟಾರ್ ಬ್ಯಾರೆ ಸಿಗಾಂಗಿಲ್ರೀ ಕಾಕಾ. ಹಳೇದಿಂದು ಹೊಸದಕ್ಕ ಕೂಡಾಂಗಿಲ್ಲ, ಹೊಸದಿಂದು ಹಳೇದಕ್ಕ ಕೂಡಾಂಗಿಲ್ಲ. ಹೊಸಾ ಪಂಪ್ ತಗೊಂಡ್ಬಿಡ್ರಿ, ಅದ ಸೋವಿ.' ಹಳೆಯದು ಈಗ ದನದ ಕೊಟ್ಟಿಗೆಯ ಮೂಲೆಯಲ್ಲಿದೆ, ಬ್ಯಾಟರಿ ಗುಜರಿಗೆ ಹೋಯಿತು.

ಹದಿನಾರು ಲೀಟರಿನ ಪಂಪು ತುಂಬಿದರೆ ಬೆನ್ನಿನ ಮೇಲೆ ಇಪ್ಪತ್ತು ಕಿಲೊ. ಕೈಯಿಂದ ಹಿಡಿಕೆ ಒತ್ತುವ ಹಳೆಯ ಪಂಪಿಗಿಂತ ಇದು ಎಷ್ಟೋ ವಾಸಿ, ಅದಕ್ಕೇ ಜನ ಕೊಂಡರು. ಆದರೆ ಅದರ ಪಟ್ಟಿ ಭುಜ ಕೊರೆಯುತ್ತದೆ, ಮುಚ್ಚಳದಿಂದ ತುಳುಕಿದ ಔಷಧ ನೇರ ಬೆನ್ನಿಗೆ ಇಳಿಯುತ್ತದೆ. ಹತ್ತಿ, ಮೆಣಸಿನಕಾಯಿಗೆ ಹಂಗಾಮಿನಲ್ಲಿ ಎಷ್ಟು ಸಲ ಎಣ್ಣೆ ಹೊಡೆಯಬೇಕು ಅನ್ನುವುದು ನಿಮಗೆ ಗೊತ್ತು. ಆ ವಿಷ ಬೆನ್ನಿಗೆ ಇಳಿಯದಂತೆ ಮುಚ್ಚಳ ತಿದ್ದುವುದು ರಾಕೆಟ್ ವಿಜ್ಞಾನವೇನಲ್ಲ. ಆದರೆ ತಿದ್ದಬೇಕಾದವನಿಗೆ ನಮ್ಮ ಬೆನ್ನು ಕಾಣುವುದಿಲ್ಲ, ಕಾಣುವ ನಮ್ಮ ಮಿಸ್ತ್ರಿಗೆ ಅಚ್ಚು ಇಲ್ಲ.

ಚೀನಾದ ದಾರಿಯೇ ನಮ್ಮ ದಾರಿಯಾಗಲಿ ಎಂದು ನಾನು ಹೇಳುವುದಿಲ್ಲ. 2010ರಲ್ಲಿ ಶೆನ್‌ಝೆನ್‌ನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಎಳೆಯ ಕಾರ್ಮಿಕರು ಒಬ್ಬರ ಹಿಂದೊಬ್ಬರು ಮಹಡಿಯಿಂದ ಹಾರಿ ಜೀವ ಕಳೆದುಕೊಂಡರು. ಕೊನೆಗೆ ಕಟ್ಟಡದ ಸುತ್ತ ಬಲೆ ಕಟ್ಟಬೇಕಾಯಿತು. ಅಲ್ಲಿ ಸ್ವತಂತ್ರ ಕಾರ್ಮಿಕ ಸಂಘ ಕಟ್ಟಲು ಬಿಡುವುದಿಲ್ಲ. ನರಗುಂದದಂಥ ಬಂಡಾಯ ಆದರೆ ಸುದ್ದಿಯೇ ಹೊರಗೆ ಬರಲಿಕ್ಕಿಲ್ಲ. ಅಧಿಕಾರಿಯ ಮುಂದೆ ನಿಂತು 'ನೀರು ಕೊಡದೆ ಕರ ಯಾಕೆ?' ಎಂದು ಕೇಳುವ ಬಾಯಿ ನಮ್ಮ ದೊಡ್ಡ ಆಸ್ತಿ. ಅದನ್ನು ಕೊಟ್ಟು ಕಾರ್ಖಾನೆ ತರುವುದು ಬೇಡ. ಆದರೆ ಆ ಬಾಯಿ ಕಾಲುವೆಗೆ, ಬೆಂಬಲ ಬೆಲೆಗೆ, ಮಹಾದಾಯಿಗೆ ಗಟ್ಟಿಯಾಗಿ ಕೇಳಿದಷ್ಟು ಕೈಯಲ್ಲಿ ಹಿಡಿಯುವ ಸಲಕರಣೆಗೆ ಕೇಳಲಿಲ್ಲ. 'ಈ ಪಂಪು ಯಾರನ್ನು ಕೇಳಿ ಮಾಡಿದ್ರಿ?' ಅನ್ನುವುದೂ ರೈತರ ಹಕ್ಕಿನ ಪ್ರಶ್ನೆಯೇ.

ಈಗ ಆಗಬೇಕಾದದ್ದು

ದೊಡ್ಡ ಮಾತು ಬೇಡ. ಗದಗ ಜಿಲ್ಲೆಯಲ್ಲಿ ಈಗಾಗಲೇ ಇರುವ ಸಂಸ್ಥೆಗಳಿಂದಲೇ ನಾಲ್ಕು ಕೆಲಸ ಆಗಬಹುದು.

ಮೊದಲನೆಯದು, ಪರೀಕ್ಷೆ. ಊರ ಕಮ್ಮಾರ, ವೆಲ್ಡಿಂಗ್ ಅಂಗಡಿಯವರು ಮಾಡಿದ ಕೃಷಿ ಸಲಕರಣೆಯನ್ನು ಕೃಷಿ ವಿಶ್ವವಿದ್ಯಾಲಯಗಳು ಪುಕ್ಕಟೆಯಾಗಿ ಪರೀಕ್ಷಿಸಿ ವರದಿ ಕೊಡಬೇಕು. ಆ ವರದಿ ಇದ್ದರೆ ಸಹಾಯಧನದ ಪಟ್ಟಿಗೆ ಸೇರಲು ಬೇರೆ ಅಡ್ಡಿ ಇರಬಾರದು. ಸಣ್ಣ ತಯಾರಕರಿಗೆ ಪಟ್ಟಿಯಲ್ಲಿ ಒಂದು ಪಾಲು ಮೀಸಲಿಡಲಿ.

ಎರಡನೆಯದು, ಜಾಗ. ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗದಗದಲ್ಲಿ 2016ರಿಂದ ಗ್ರಾಮೀಣಾಭಿವೃದ್ಧಿಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಇವೆರಡೂ ಸೇರಿ ರೋಣ, ನರಗುಂದ, ಗಜೇಂದ್ರಗಡದಲ್ಲಿ ಒಂದೊಂದು ಕಾರ್ಯಾಗಾರ ತೆರೆಯಲಿ. ಲೋಹ ಕೊರೆಯುವ ಯಂತ್ರ, ಸಣ್ಣ ಅಚ್ಚು ಮಾಡುವ ಸೌಕರ್ಯ, ನಕ್ಷೆ ತೆಗೆಯಲು ಇಬ್ಬರು ಹುಡುಗ ಹುಡುಗಿಯರು, ಇಷ್ಟು ಸಾಕು. ವಿನ್ಯಾಸ ಕಲಿತ ಹುಡುಗರು ವರ್ಷಕ್ಕೊಮ್ಮೆ ಇಲ್ಲಿ ಬಂದು ಸುಗ್ಗಿ ಮುಗಿಯುವವರೆಗೆ ಇರಲಿ. ಕಳೆ ತೆಗೆಯುವ ಹೆಂಗಸರ ಕೈಗೆ ತಕ್ಕ ಅಳತೆಯ ಸಲಕರಣೆಯಿಂದಲೇ ಕೆಲಸ ಶುರುವಾಗಲಿ.

ಮೂರನೆಯದು, ಬಿಡಿಭಾಗ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಕೆಲಸ ಕೈಗೆತ್ತಿಕೊಂಡಾಗ ಮೊದಲು ಆರಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಅದನ್ನು ಹಿಡಿದು ಕೇಳಬೇಕು: ಸಹಾಯಧನದಲ್ಲಿ ಮಾರುವ ಪ್ರತಿ ಪಂಪಿನ ಮೋಟಾರು, ಬ್ಯಾಟರಿ, ನಳಿಕೆ ಒಂದರದ್ದು ಇನ್ನೊಂದಕ್ಕೆ ಹೊಂದಬೇಕು, ಐದು ವರ್ಷ ತಾಲ್ಲೂಕಿನಲ್ಲೇ ಸಿಗಬೇಕು. ಸಿಗದಿದ್ದರೆ ಆ ಕಂಪನಿಗೆ ಪಟ್ಟಿಯಲ್ಲಿ ಜಾಗ ಇಲ್ಲ. ಚೀನಾದ್ದಿರಲಿ, ಚೆನ್ನೈನದ್ದಿರಲಿ, ನಿಯಮ ಒಂದೇ.

ನಾಲ್ಕನೆಯದು, ಒಡೆತನ. ನಮ್ಮ ಕಾನೂನಿನ ಪ್ರಕಾರ ವಿನ್ಯಾಸ ನೋಂದಾಯಿಸಿದರೆ ಹತ್ತು ವರ್ಷ, ಮುಂದೆ ಐದು ವರ್ಷ ರಕ್ಷಣೆ ಸಿಗುತ್ತದೆ. ಗಜೇಂದ್ರಗಡದ ನೇಕಾರ ಹಾಕಿದ ಹೊಸ ಅಂಚಿಗೆ, ನರಗುಂದದ ಕಮ್ಮಾರ ತಿದ್ದಿದ ಕುಂಟೆಗೆ ಆ ಕಾಗದ ಮಾಡಿಸಿಕೊಡುವವರು ಯಾರು? ಒಬ್ಬೊಬ್ಬರಿಂದ ಆಗದ ಕೆಲಸವಿದು, ಸಂಘಕ್ಕೆ ಆಗುತ್ತದೆ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ಸಾಲಕ್ಕಾಗಿ ಆಗ ಒಗ್ಗೂಡಿದ ಊರುಗಳು ಈಗ ಸಲಕರಣೆಗಾಗಿ ಒಗ್ಗೂಡಬಹುದು. ಶೆನ್‌ಝೆನ್‌ನ ಅಂಗಡಿಗಳು ಸರ್ಕಿಟ್ ಹಲಗೆ ಹಂಚಿಕೊಂಡವಲ್ಲ, ನಮ್ಮವರು ಅಚ್ಚನ್ನೂ ನಕ್ಷೆಯನ್ನೂ ಹಂಚಿಕೊಳ್ಳಲಿ.

ಚೀನಾದ ಜೊತೆ ಮಾತುಕತೆ ನಡೆಯಲಿ, ಗೊಬ್ಬರ ಬರಲಿ, ವಿಮಾನ ಹಾರಲಿ. ಮುಂದೊಂದು ದಿನ ಮತ್ತೆ ಜಗಳವಾಗಿ ಬಹಿಷ್ಕಾರದ ಕೂಗು ಏಳಲೂಬಹುದು. ಕೂಗುವವರಿಗೆ ಈಗಲೇ ಒಂದು ಕೆಲಸ ಹೇಳಿಡುತ್ತೇನೆ. ತಾಲ್ಲೂಕಿನ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸಹಾಯಧನದ ಪಟ್ಟಿ ಇಸಿದುಕೊಳ್ಳಿ. ಅದರಲ್ಲಿ ನಮ್ಮ ಜಿಲ್ಲೆಯೊಳಗೆ ಯೋಚಿಸಿ, ನಮ್ಮ ಜಿಲ್ಲೆಯೊಳಗೆ ತಯಾರಾದ ಸಲಕರಣೆ ಎಷ್ಟಿವೆ, ಎಣಿಸಿ. ಆ ಸಂಖ್ಯೆ ವರ್ಷಕ್ಕೆ ಒಂದಾದರೂ ಏರುವಂತೆ ಮಾಡಲಿ. ಮಾಳಿಗೆಯಿಂದ ಟಿವಿ ಒಗೆಯುವುದಕ್ಕಿಂತ ಅದು ಕಷ್ಟದ ಕೆಲಸ, ಆದರೆ ಬೆನ್ನಿನ ಮೇಲಿನ ಭಾರ ಇಳಿಯುವುದು ಅದರಿಂದಲೇ.